ದೇವದೂತರನ್ನು ರೆಕ್ಕೆ ಇಲ್ಲದೆ ಬರೆದರೆ ತಪ್ಪಾ?

ಗೆರೆಪುಸ್ತಕ:
'ಸೆಕೆಂಡ್ ಕಮಿಂಗ್' ಕಾಮಿಕ್ ಓದಿ ಮುಗಿಸಿದೆ. ಕಥೆ ಮಾರ್ಕ್ ರಸೆಲ್, ಚಿತ್ರ ರಿಚರ್ಡ್ ಪೇಸ್. ದೇವರು ಯೇಸುವನ್ನು ಮತ್ತೆ ಭೂಮಿಗೆ ಕಳಿಸುತ್ತಾನೆ. ಯೇಸು ಸನ್‌ಸ್ಟಾರ್ ಎಂಬ ಸೂಪರ್‌ಹೀರೋ ಜೊತೆ ಒಂದೇ ಮನೆಯಲ್ಲಿ ಇರುತ್ತಾನೆ. 2019ರ ಮಾರ್ಚ್‌ನಲ್ಲಿ ಅಮೆರಿಕದ ಕಾಮಿಕ್ ಕಂಪನಿ ಡಿಸಿಯ ವರ್ಟಿಗೋ ವಿಭಾಗ ಇದನ್ನು ತರಬೇಕಿತ್ತು. 2 ಲಕ್ಷಕ್ಕೂ ಹೆಚ್ಚು ಜನ ವಿರೋಧಿಸಿ ಸಹಿ ಹಾಕಿದರು, ಅಲ್ಲಿಂದ ಬರಲೇ ಇಲ್ಲ. ಜುಲೈನಲ್ಲಿ ಅಹಾಯ್ ಎಂಬ ಸಣ್ಣ ಪ್ರಕಾಶನ ಹೊರತಂದಿತು. ಬೈಬಲ್ ಕಥೆಗಳನ್ನು ಹೊಸದಾಗಿ ಹೇಳುವ ಧೈರ್ಯ ಇಂಥ ಸಣ್ಣವರಿಗೇ ಇರುವುದು. ಮುಂದೆ ಯಾರಾದರೂ ದೇವರು ಪಾಪಕ್ಕಾಗಿ ನಾಶಮಾಡಿದ ಊರು ಸೊದೋಮಿನ ಕಥೆಯನ್ನು ಅಲ್ಲಿಗೆ ಹೋದ ಇಬ್ಬರು ದೂತರ ಕಣ್ಣಿಂದ ಬರೆಯಲಿ. ರೆಕ್ಕೆ ಇಲ್ಲದೆ ಬರೆಯಲಿ. ಬೈಬಲಿನ ದೂತರಿಗೆ ರೆಕ್ಕೆಯೇ ಇಲ್ಲ.

ವಾಕ್ಯ ಓದುಗ:
"ಹೊಸದಾಗಿ ಹೇಳುವ ಧೈರ್ಯ" ಅಂತೀರಿ. ಕೋಟ್ಯಂತರ ಜನ ದಿನಾ ಪ್ರಾರ್ಥಿಸುವ ಹೆಸರನ್ನು ಕಥೆಯ ಪಾತ್ರ ಮಾಡಿಕೊಳ್ಳುವುದು ಧೈರ್ಯ ಅಲ್ಲ. ಅವರಿಗೆ ಹೊಸ ಕಥೆ ಬೇಕಿದ್ದರೆ ಹೊಸ ಹೆಸರು ಇಟ್ಟುಕೊಳ್ಳಬಹುದಿತ್ತು.

ಕುಡ್ಲ ಬಾಯ್:
"ರೆಕ್ಕೆಯೇ ಇಲ್ಲ" ಅಂತ ಎಂತ ಹೇಳುವುದು ಮಾರಾಯ್ರೆ? ಬೈಬಲಿನಲ್ಲಿ ಯೆಶಾಯ 6 ತೆಗೆದು ನೋಡಿ. ದೇವರ ಸಿಂಹಾಸನದ ಬಳಿ ನಿಲ್ಲುವ ಸೆರಾಫಿಯರಿಗೆ ಆರಾರು ರೆಕ್ಕೆ ಉಂಟು. ಎರಡರಿಂದ ಮುಖ ಮುಚ್ಚುತ್ತಾರೆ, ಎರಡರಿಂದ ಕಾಲು, ಇನ್ನೆರಡರಿಂದ ಹಾರುತ್ತಾರೆ. ಓದದೆ ಬರೆಯಬೇಡಿ.

ಗೆರೆಪುಸ್ತಕ:
ಓದಿಯೇ ಬರೆದೆ. ಯೆಶಾಯನು ಸೆರಾಫಿಯರನ್ನು ದೂತರು ಅಂತ ಎಲ್ಲೂ ಕರೆದಿಲ್ಲ. ನಾನು ಹೇಳಿದ್ದು ಆದಿಕಾಂಡ 19ರ ದೂತರ ವಿಷಯ. ಸೊದೋಮಿನಲ್ಲಿ ವಾಸವಿದ್ದ ಲೋಟನು ಊರಬಾಗಿಲಲ್ಲಿ ಕೂತಿರುತ್ತಾನೆ. ಇಬ್ಬರು ಬರುತ್ತಾರೆ. ಕಾಲು ತೊಳೆದುಕೊಳ್ಳಿ, ರಾತ್ರಿ ನಮ್ಮಲ್ಲೇ ಇರಿ ಅಂತ ಒತ್ತಾಯ ಮಾಡಿ ಕರೆದೊಯ್ಯುತ್ತಾನೆ, ಹುಳಿಯಿಲ್ಲದ ರೊಟ್ಟಿ ಸುಟ್ಟು ಬಡಿಸುತ್ತಾನೆ. ಅವರು ಊಟ ಮಾಡುತ್ತಾರೆ. ಆಮೇಲೆ ಊರಿನವರೆಲ್ಲ ಮನೆ ಸುತ್ತ ಸೇರಿ "ಆ ಗಂಡಸರು ಎಲ್ಲಿ?" ಅಂತ ಕೇಳುತ್ತಾರೆ. ಬೆನ್ನ ಮೇಲೆ ರೆಕ್ಕೆ ಇದ್ದಿದ್ದರೆ ಹಾಗೆ ಕೇಳುತ್ತಿದ್ದರಾ?

ಮಸಿಬಾಟ್ಲಿ:
ರೆಕ್ಕೆ ಬಿಡಿ. "2 ಲಕ್ಷಕ್ಕೂ ಹೆಚ್ಚು ಜನ" ಸಹಿ ಹಾಕಿದಾಗ ಮೊದಲ ಸಂಚಿಕೆಯೇ ಬಂದಿರಲಿಲ್ಲ. ಓದದ ಪುಸ್ತಕದ ಮೇಲೆ ಕೋಪ. ಇದು ನನಗೆ ಸಹಿಸಲಾಗದ ವಿಷಯ.

ವಾಕ್ಯ ಓದುಗ:
ಡಿಸಿ ನಿಷೇಧಿಸಲಿಲ್ಲ. ಬರೆದವರೇ ಹಕ್ಕು ವಾಪಸ್ ಕೇಳಿ ಪಡೆದುಕೊಂಡರು. ಅದನ್ನು ಹೇಳದೆ ಸಹಿಯನ್ನಷ್ಟೇ ಯಾಕೆ ಹೇಳುತ್ತೀರಿ?

ಮಸಿಬಾಟ್ಲಿ:
"ವಾಪಸ್ ಕೇಳಿ ಪಡೆದುಕೊಂಡರು", ಸರಿ. ಯಾವಾಗ? ಗಲಾಟೆ ಎದ್ದ ಮೇಲೆ. ಅದಕ್ಕೂ ಮುಂಚೆ ಯಾಕೆ ಕೇಳಲಿಲ್ಲ? ನೀವೂ ಅರ್ಧ ಸಂಗತಿಯನ್ನೇ ಹೇಳುತ್ತಿದ್ದೀರಿ ಸಾರ್.

ಶೈಲಾ ಟೀಚರ್:
ಹೊಸದಾಗಿ ಹೇಳಿದರೆ ಮಾತ್ರ ತೊಂದರೆ ಅಂದುಕೊಳ್ಳಬೇಡಿ. ಅಮೆರಿಕದ ಕಾಮಿಕ್ ಚಿತ್ರಗಾರ ರಾಬರ್ಟ್ ಕ್ರಂಬ್ 2009ರಲ್ಲಿ ಆದಿಕಾಂಡದ 50 ಅಧ್ಯಾಯಗಳನ್ನೂ ಕಾಮಿಕ್ ಮಾಡಿದರು. ವಂಶಾವಳಿಯನ್ನೂ ಬಿಡಲಿಲ್ಲ. ಆದರೂ ಮಕ್ಕಳು ದೊಡ್ಡವರ ಜೊತೆ ಓದಬೇಕು ಅಂತ ಮುಖಪುಟದಲ್ಲೇ ಎಚ್ಚರಿಕೆ ಇದೆ. ಸಂಡೇ ಸ್ಕೂಲಿನಲ್ಲಿ ನಾವು ಹಾರಿಸಿಬಿಡುವ ಭಾಗಗಳನ್ನೆಲ್ಲ ಅವರು ಬರೆದಿದ್ದಾರೆ. ಮೂಲದಲ್ಲಿ ಇರುವುದೇ ಗಟ್ಟಿಯಾಗಿದೆ.

ವಾಕ್ಯ ಓದುಗ:
ಟೀಚರೇ, ಬೈಬಲ್ ದೇವರ ಮಾತು ಅಂತ ತಾನು ನಂಬುವುದಿಲ್ಲ, ಅದು ಮನುಷ್ಯರ ಮಾತು ಅಂತ ಅದೇ ಕ್ರಂಬ್ ಮುನ್ನುಡಿಯಲ್ಲಿ ಬರೆದಿದ್ದಾರೆ. ಅದನ್ನೂ ಹೇಳಿ.

ಶೈಲಾ ಟೀಚರ್:
ಅವರ ನಂಬಿಕೆ ಅವರಿಗೆ. ಪುಟದಲ್ಲಿ ಏನಿದೆ ಅಂತ ನಾನು ಹೇಳಿದೆ.

ಕುಡ್ಲ ಬಾಯ್:
ಗೆರೆಪುಸ್ತಕ, "ಆ ಗಂಡಸರು ಎಲ್ಲಿ" ಅಂತ ಕೇಳಿದ ಜನ ಆಮೇಲೆ ಎಂತ ಆದರು ಅಂತ ಯಾಕೆ ಹೇಳಲಿಲ್ಲ? ಆ ದೂತರೇ ಅವರೆಲ್ಲರ ಕಣ್ಣು ಕುರುಡು ಮಾಡಿದರು, ಬಾಗಿಲು ಹುಡುಕಿ ಹುಡುಕಿ ಬೇಸತ್ತರು. ಊರಿನ ಕಣ್ಣು ಕಟ್ಟಬಲ್ಲವರಿಗೆ ಎರಡು ರೆಕ್ಕೆ ಬಚ್ಚಿಡುವುದು ಕಷ್ಟವಾ? ಇನ್ನು ಪ್ರಕಟನೆ 14:6 ನೋಡಿ. ದೂತ ಅಂತಲೇ ಹೇಳಿದೆ, ಆಕಾಶದ ಮಧ್ಯೆ ಹಾರುತ್ತಿದ್ದ ಅಂತಲೂ ಹೇಳಿದೆ.

ಗೆರೆಪುಸ್ತಕ:
"ಹಾರುತ್ತಿದ್ದ" ಅಂದಿದೆ. ರೆಕ್ಕೆ ಅಂದಿಲ್ಲ. ನ್ಯಾಯಸ್ಥಾಪಕರು 13ರಲ್ಲಿ ಸಂಸೋನನ ತಂದೆ ಮಾನೋಹನ ಕಣ್ಣೆದುರೇ ದೂತ ಬಲಿಪೀಠದ ಜ್ವಾಲೆಯಲ್ಲಿ ಮೇಲೇರುತ್ತಾನೆ, ರೆಕ್ಕೆಯ ಸುದ್ದಿ ಇಲ್ಲ. ಯಾಕೋಬನ ಕನಸಿನಲ್ಲಿ ದೂತರು ಏಣಿ ಹತ್ತಿ ಇಳಿಯುತ್ತಾರೆ. ರೆಕ್ಕೆ ಇದ್ದವರಿಗೆ ಏಣಿ ಯಾಕೆ ಬೇಕು?

ವಾಕ್ಯ ಓದುಗ:
ಏಣಿಯ ವಿಷಯದಲ್ಲಿ ಗೆರೆಪುಸ್ತಕ ಹೇಳುವುದು ಸರಿ. ಆದರೆ ಅದರಿಂದ ನಿಮ್ಮ ಕಾಮಿಕ್ ಸರಿಯಾಗುವುದಿಲ್ಲ. ರೆಕ್ಕೆ ಚಿತ್ರಗಾರರು ಸೇರಿಸಿದ್ದು. ನೀವು ಸೇರಿಸಬೇಕೆಂದಿರುವುದೂ ಅದೇ ಥರದ್ದು.

ಕುಡ್ಲ ಬಾಯ್:
"ಚಿತ್ರಗಾರರು ಸೇರಿಸಿದ್ದು"? ಜೆಕರ್ಯ 5:9ರಲ್ಲಿ ಇಬ್ಬರು ಹೆಂಗಸರಿಗೆ ಕೊಕ್ಕರೆಯಂಥ ರೆಕ್ಕೆ ಉಂಟು. ಅದನ್ನು ಯಾವ ಚಿತ್ರಗಾರ ಸೇರಿಸಿದ?

ಗೆರೆಪುಸ್ತಕ:
ಆ ಹೆಂಗಸರನ್ನು ದೂತರು ಅಂತ ಕರೆದಿಲ್ಲ. ದೂತ ಅಲ್ಲೇ ಪಕ್ಕದಲ್ಲಿ ನಿಂತು ಜೆಕರ್ಯನ ಹತ್ತಿರ ಮಾತಾಡುತ್ತಿದ್ದಾನೆ, ಅವನಿಗೆ ರೆಕ್ಕೆ ಹೇಳಿಲ್ಲ. ರೋಮಿನಲ್ಲಿ ನೆಲದಡಿಯ ಹಳೇ ಸಮಾಧಿಸ್ಥಳ ಪ್ರಿಸಿಲ್ಲಾ ಕ್ಯಾಟಕೊಂಬ್‌ನ ಗೋಡೆಯಲ್ಲೂ ಯೇಸುವಿನ ತಾಯಿ ಮರಿಯಳ ಮುಂದೆ ನಿಂತ ದೂತನಿಗೆ ರೆಕ್ಕೆ ಇಲ್ಲ. ಮೊದಮೊದಲ ಕ್ರೈಸ್ತರೇ ಹಾಗೆ ಬರೆದಿದ್ದಾರೆ.

ಶೈಲಾ ಟೀಚರ್:
ಆ ಗೋಡೆಚಿತ್ರದಲ್ಲಿ ಇರುವುದು ಮರಿಯಳೇ ಅಂತ ಎಲ್ಲ ಪಂಡಿತರೂ ಒಪ್ಪಿಲ್ಲ. ಅಷ್ಟು ಗಟ್ಟಿಯಾಗಿ ಹೇಳಬೇಡಿ.

ಕುಡ್ಲ ಬಾಯ್:
ನೋಡಿ, ಒಪ್ಪಿಲ್ಲವಂತೆ! ಒಮ್ಮೆ ಮಂಗಳೂರಿಗೆ ಬನ್ನಿ. ಅಲೋಶಿಯಸ್ ಚಾಪೆಲ್‌ನಲ್ಲಿ ತಲೆ ಎತ್ತಿ ನೋಡಿ. ಇಟಲಿಯಿಂದ ಬಂದ ಮೊಸ್ಕೆನಿ 1899ರಿಂದ ಎರಡು ವರ್ಷ ಗೋಡೆ, ಛಾವಣಿಯೆಲ್ಲ ಬರೆದರು. ಅಲ್ಲಿ ರೆಕ್ಕೆಯ ದೂತರು ಉಂಟು. ನನ್ನ ಅಜ್ಜಿ ಅವರನ್ನು ನೋಡಿಯೇ ಪ್ರಾರ್ಥನೆ ಕಲಿತದ್ದು. ಅದೆಲ್ಲ ಸುಳ್ಳು ಅಂತ ಹೇಳಲಿಕ್ಕೆ ನೀವು ಯಾರು?

ಮಸಿಬಾಟ್ಲಿ:
"ಸುಳ್ಳು" ಅಂತ ಇಲ್ಲಿ ಯಾರೂ ಅನ್ನಲಿಲ್ಲ. ಮೊಸ್ಕೆನಿ ಕಲ್ಪಿಸಿಕೊಂಡು ಬರೆದರೆ ಪ್ರಾರ್ಥನೆ, ರಸೆಲ್ ಕಲ್ಪಿಸಿಕೊಂಡು ಬರೆದರೆ ಅಪಚಾರವಾ? ಇದಕ್ಕೆ ಉತ್ತರ ಕೊಡಿ.

ಕುಡ್ಲ ಬಾಯ್:
ಮೊಸ್ಕೆನಿ ಜೆಸ್ವಿಟ್ ಬ್ರದರ್, ಅಂದರೆ ಕ್ಯಾಥೊಲಿಕ್ ಸನ್ಯಾಸಿ ಸಂಘದವರು. ಮೊಣಕಾಲೂರುವ ಜಾಗಕ್ಕೆ ಬರೆದವರು. ಇವರು ಮಾರಲಿಕ್ಕೆ ಬರೆದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಮಸಿಬಾಟ್ಲಿ:
"ಮಾರಲಿಕ್ಕೆ"? ಬೈಬಲನ್ನೂ ಅಂಗಡಿಯಲ್ಲಿ ದುಡ್ಡು ಕೊಟ್ಟೇ ತಂದಿದ್ದೀರಿ ಅಲ್ವಾ? ಸುಮ್ನೆ ಭಾವನೆ ಕೆರಳಿಸಬೇಡಿ.

ಶೈಲಾ ಟೀಚರ್:
ಇಬ್ಬರೂ ದನಿ ತಗ್ಗಿಸಿ. ಅಜ್ಜಿಯರ ಮಾತು ಬಂದ ಮೇಲೆ ಜೋರು ಮಾಡುವುದು ಚೆನ್ನಾಗಿರುವುದಿಲ್ಲ.

ಗೆರೆಪುಸ್ತಕ:
ನಾನು ಇನ್ನೂ ಆ ಊರಬಾಗಿಲಲ್ಲೇ ಇದ್ದೇನೆ. ಕಾಲಿಗೆ ಧೂಳು ಮೆತ್ತಿದ ಇಬ್ಬರು. ಬೆಳಗಾದರೆ ಈ ಊರು ಇರುವುದಿಲ್ಲ ಅಂತ ಗೊತ್ತಿದ್ದೂ ಲೋಟನ ಮನೆಯ ರೊಟ್ಟಿ ತಿನ್ನುತ್ತಿದ್ದಾರೆ. ಆಗ ಅವರ ಮನಸ್ಸಿನಲ್ಲಿ ಏನಿತ್ತು? ಆದಿಕಾಂಡ ಹೇಳುವುದಿಲ್ಲ. ಕಾಮಿಕ್ ಬರೆಯುವವನಿಗೆ ಜಾಗ ಸಿಗುವುದೇ ಅಲ್ಲಿ.

ವಾಕ್ಯ ಓದುಗ:
"ಆದಿಕಾಂಡ ಹೇಳುವುದಿಲ್ಲ" ಅಂತ ನೀವೇ ಒಪ್ಪಿದಿರಿ. ಹೇಳದೆ ಬಿಟ್ಟಿದ್ದನ್ನು ನೀವು ಹೇಳಿ ಅಂತ ಯಾರು ಕೇಳಿದರು?

ಕುಡ್ಲ ಬಾಯ್:
ಅದಿರಲಿ. ಏಣಿಯ ಪ್ರಶ್ನೆಗೆ ನನ್ನ ಉತ್ತರ ಬಾಕಿ ಉಂಟು. ಅದು ಕನಸು. ಕನಸಿನ ಏಣಿ ಹಿಡಿದು ರೆಕ್ಕೆ ಇಲ್ಲ ಅಂತ ಸಾಧಿಸಲಿಕ್ಕೆ ಆಗುವುದಿಲ್ಲ.

ಗೆರೆಪುಸ್ತಕ:
ಕನಸು ಸರಿ. ಹಾಗಾದರೆ ಯೆಶಾಯ ಕಂಡದ್ದು ಏನು? ಅದೂ ದರ್ಶನವೇ. ಅಲ್ಲಿನ ಆರು ರೆಕ್ಕೆಯನ್ನೂ ಲೆಕ್ಕದಿಂದ ತೆಗೆಯಿರಿ.