ನಾಲ್ಕು ಆಯಾಮದ ಮೇಲ್ಮೈ: ಯಾವ ನಾರ್ಮಲ್ ಹಿಡಿಯಬೇಕು?

ಪ್ರಶ್ನೆ, ಕಲಬುರಗಿಯಿಂದ:
ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಮೂರು ಆಯಾಮದ ಜಾಗದಲ್ಲಿರುವ ಮೇಲ್ಮೈಗಳು ಅರ್ಥವಾದವು. ನಾಲ್ಕಕ್ಕೆ ಹೋದ ಕೂಡಲೇ ನಿಂತುಬಿಟ್ಟೆ. ಅಲ್ಲಿ ಒಂದು ಬಿಂದುವಿಗೆ ಒಂದೇ ನಾರ್ಮಲ್ (ಮೇಲ್ಮೈಗೆ ಲಂಬವಾದ ದಿಕ್ಕು) ಇಲ್ಲ, ನಾರ್ಮಲ್‌ಗಳ ಇಡೀ ಸಮತಲವೇ ಇದೆ. ವಕ್ರತೆಯನ್ನು ಯಾವ ದಿಕ್ಕಿನಲ್ಲಿ ಲೆಕ್ಕ ಹಾಕುವುದು? ಇದನ್ನು ದಾಟಿದವರು ಹೇಗೆ ದಾಟಿದಿರಿ?

ಯಾದಗಿರಿಯಿಂದ:
ನಾನು ಒಂದು ಸೆಮಿಸ್ಟರ್ ಪೂರ್ತಿ ಚಿತ್ರ ಬರೆಯಲು ಹೋಗಿ ಕಳೆದೆ. ಒಂದು ಉದಾಹರಣೆಯನ್ನು ಕೈಯಾರೆ ಮಾಡಿದ ದಿನ ಗಂಟು ಬಿಚ್ಚಿತು. ಮೊದಲು ಲೆಕ್ಕ ಮಾಡಿ.

ಕಲಬುರಗಿಯಿಂದ, ಕಾಲೇಜಿನಲ್ಲಿ ಪಾಠ ಮಾಡುವವರು:
ಆ ಉದಾಹರಣೆ ನಾನು ಕೊಡುತ್ತೇನೆ. ಕ್ಲಿಫರ್ಡ್ ಟೋರಸ್ (ಟೋರಸ್ ಅಂದರೆ ಸೈಕಲ್ ಟ್ಯೂಬಿನಂಥ ಮೇಲ್ಮೈ) ತೆಗೆದುಕೊಳ್ಳಿ: (ಕಾಸ್ ಯು, ಸೈನ್ ಯು, ಕಾಸ್ ವಿ, ಸೈನ್ ವಿ). ಮೊದಲ ಎರಡು ಸ್ಥಾನದಲ್ಲಿ ಒಂದು ವೃತ್ತ, ಉಳಿದ ಎರಡರಲ್ಲಿ ಇನ್ನೊಂದು. ನಾರ್ಮಲ್‌ಗಳೂ ಕೈಗೆ ಸಿಗುತ್ತವೆ: (ಕಾಸ್ ಯು, ಸೈನ್ ಯು, 0, 0) ಮತ್ತು (0, 0, ಕಾಸ್ ವಿ, ಸೈನ್ ವಿ). ಒಂದೊಂದು ನಾರ್ಮಲ್‌ಗೂ ಒಂದೊಂದು ಸೆಕೆಂಡ್ ಫಂಡಮೆಂಟಲ್ ಫಾರ್ಮ್ (ಆ ದಿಕ್ಕಿಗೆ ಮೇಲ್ಮೈ ಹೇಗೆ ಬಾಗಿದೆ ಎಂದು ಹೇಳುವ 2×2 ಕೋಷ್ಟಕ) ಬರುತ್ತದೆ. ಎರಡರ ಡಿಟರ್ಮಿನೆಂಟ್ (ಕೋಷ್ಟಕದಿಂದ ಲೆಕ್ಕ ಹಾಕುವ ಒಂದು ಸಂಖ್ಯೆ) ಕೂಡಿಸಿದರೆ ಗೌಸ್ ವಕ್ರತೆ. ಇಲ್ಲಿ ಎರಡೂ 0, ಅಂದರೆ ಮೇಲ್ಮೈ ಚಪ್ಪಟೆ.

ಈಗ ಎರಡೂ ನಾರ್ಮಲ್‌ಗಳನ್ನು 45 ಡಿಗ್ರಿ ತಿರುಗಿಸಿ ಮತ್ತೆ ಮಾಡಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇನ್ನೊಂದು ಮಾತು. ಸೈಕಲ್ ಟ್ಯೂಬ್ ನೋಡಿ. ಹೊರಬದಿಗೆ ವಕ್ರತೆ ಧನ, ಒಳಬದಿಗೆ ಋಣ. ಮೂರು ಆಯಾಮದಲ್ಲಿ ನುಣುಪಾದ, ಅಂಚಿಲ್ಲದ, ಮುಚ್ಚಿದ ಮೇಲ್ಮೈಯಲ್ಲಿ ಎಲ್ಲೋ ಒಂದು ಕಡೆ ವಕ್ರತೆ ಧನ ಆಗಲೇಬೇಕು. ಕೇಂದ್ರದಿಂದ ತೀರಾ ದೂರದ ಬಿಂದುವನ್ನು ನೋಡಿದರೆ ಸಾಕು. ಟೋರಸ್ ಪೂರ್ತಿ ಚಪ್ಪಟೆಯಾಗಿರಲು ನಾಲ್ಕನೇ ಆಯಾಮ ಬೇಕು. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

ಬೀದರ್‌ನಿಂದ:
ನನಗೆ ದಾರಿ ತೋರಿಸಿದ್ದು ಅಷ್ಟೂರಿನ ಗುಮ್ಮಟಗಳು. ಕಾಗದವನ್ನು ದುಂಡು ಕಂಬಕ್ಕೆ ಸುತ್ತಬಹುದು, ಗುಮ್ಮಟಕ್ಕೆ ಹಚ್ಚಲು ಹೋದರೆ ಸುಕ್ಕಾಗುತ್ತದೆ. ಮೇಲ್ಮೈ ಮೇಲಿನ ಅಳತೆಗಳಿಂದಲೇ ವಕ್ರತೆ ಗೊತ್ತಾಗುತ್ತದೆ ಎಂದು ಗಣಿತಜ್ಞ ಗೌಸ್ 1827ರಲ್ಲೇ ತೋರಿಸಿದರು. ಹಾಗಿದ್ದ ಮೇಲೆ ನಾರ್ಮಲ್ ಯಾವುದು ಹಿಡಿದರೇನು, ಮೊತ್ತ ಬದಲಾಗುವುದಿಲ್ಲ ಅಲ್ವಾ?

ಪ್ರಶ್ನೆ ಕೇಳಿದವರು:
ರಾತ್ರಿ ಕೂತು ಮಾಡಿದೆ. 45 ಡಿಗ್ರಿ ತಿರುಗಿಸಿದಾಗ ಡಿಟರ್ಮಿನೆಂಟ್‌ಗಳು ½ ಮತ್ತು −½ ಬಂದವು. ಕೂಡಿದರೆ ಮತ್ತೆ 0! ಬಿಡಿ ಬಿಡಿ ಸಂಖ್ಯೆ ನನ್ನ ಆಯ್ಕೆಯದು, ಮೊತ್ತ ಮೇಲ್ಮೈಯದು. ಇಷ್ಟು ದಿನ ಸುಮ್ನೆ 'ಸರಿಯಾದ' ದಿಕ್ಕು ಹುಡುಕುತ್ತಿದ್ದೆ.

ಕಲಬುರಗಿಯವರು:
ಬಹಳ ಖುಷಿಯಾಯಿತು. ಮುಂದೆ (ಯು, ವಿ, ಯು² − ವಿ², 2ಯುವಿ) ಮಾಡಿ, ಮೂಲಬಿಂದುವಿನಲ್ಲಿ. ವಕ್ರತೆ −8 ಬರಬೇಕು. ಇಲ್ಲಿ ನಾರ್ಮಲ್ ಎಷ್ಟು ತಿರುಗಿಸಿದರೂ ಎರಡೂ ಡಿಟರ್ಮಿನೆಂಟ್ −4 ಆಗಿಯೇ ಇರುತ್ತವೆ. ಯಾಕೆ ಅಂತ ಹುಡುಕಿ, ಇಲ್ಲೇ ಬರೆಯಿರಿ.