ಐದು ದೊಡ್ಡ ಹೆಸರುಗಳ ಆಚೆಗಿನ ನಮ್ಮ ಕಡೆಯ ಸಂಗೀತಗಾರರು: ಹುಡುಕೋದು ಹೆಂಗ, ಹಂಚೋದು ಹೆಂಗ?

ವಿದ್ಯಾನಗರದ ಕೇಳುಗ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಂಗೀತ ಅಂದ ಕೂಡಲೇ ಮನ್ಸೂರ, ಗಂಗೂಬಾಯಿ, ಭೀಮಸೇನ, ಬಸವರಾಜ ರಾಜಗುರು, ಕುಮಾರ ಗಂಧರ್ವ, ಅಲ್ಲಿಗೇ ಮಾತು ಮುಗಿಯುತ್ತದೆ. ಯೂಟ್ಯೂಬೂ ಅವರ ಸುತ್ತಲೇ ಗಿರಕಿ ಹೊಡೆಸುತ್ತದೆ. ಅವರ ಕಾಲದಲ್ಲೇ ಹಾಡಿದ, ನುಡಿಸಿದ, ಆದರೆ ಹೆಸರು ಅಷ್ಟು ದೂರ ಹೋಗದ ಕಲಾವಿದರನ್ನು ಕೇಳಬೇಕು. ಗಾಯನ ಮಾತ್ರ ಅಲ್ಲ, ತಂತಿವಾದ್ಯ, ರಂಗಗೀತೆ, ತತ್ವಪದ ಎಲ್ಲವೂ ಬೇಕು.

ಇನ್ನೊಂದು. ನಮ್ಮ ಕೇಳುಗರ ಗುಂಪಿಗೆ ಒಂದು ಮನೆತನದವರು ಹಳೇ ಕ್ಯಾಸೆಟ್ಟು, ಒಂದಷ್ಟು 78 ಆರ್‌ಪಿಎಂ ಪ್ಲೇಟು ಕೊಡಲು ಒಪ್ಪಿದ್ದಾರೆ. ಮನೆ ಬೈಠಕ್ಕಿನ (ಆಪ್ತರ ಮುಂದೆ ನಡೆದ ಖಾಸಗಿ ಕಛೇರಿಯ) ರೆಕಾರ್ಡಿಂಗೂ ಅದರಲ್ಲಿವೆ. ಹಾಳಾಗದಂತೆ ಕಂಪ್ಯೂಟರಿಗೆ ಇಳಿಸಿ, ನಾಲ್ಕು ಜನರಿಗೆ ಮುಟ್ಟಿಸುವುದು ಹೇಗೆ?

ಜವಾರಿ (ಧಾರವಾಡ)

ದೊಡ್ಡವರ ರೆಕಾರ್ಡಿಂಗಿನ ಒಳಗೇ ಹುಡುಕಾಟ ಶುರು ಮಾಡ್ರಿ. ಗಂಗೂಬಾಯಿಯವರ ನಂತರದ ವರ್ಷಗಳ ಯಾವುದೇ ಖಯಾಲ್ ಹಾಕಿ. ಬಾಯಿಯವರು ಒಂದು ಸ್ವರಕ್ಕೆ ಬಂದು ನಿಂತಾಗ ಅಲ್ಲಿಂದ ಎತ್ತಿಕೊಂಡು ತಾರ ಷಡ್ಜದ ಕಡೆ ಒಯ್ಯುವ ಇನ್ನೊಂದು ಹೆಣ್ಣು ದನಿ ಕೇಳುತ್ತದೆ. ಅದು ಮಗಳು ಕೃಷ್ಣಾ ಹಾನಗಲ್ ಅವರದು. ತಾಯಿಯ ದನಿ ಗಡುಸಾಗಿ ಕೆಳಗಿಳಿದ ಮೇಲೆ ಮೇಲಿನ ಸ್ವರಗಳನ್ನು ತುಂಬಿಕೊಟ್ಟವರು ಅವರು. ಅವರು 2004ರಲ್ಲಿ, ತಾಯಿಗಿಂತ ಮೊದಲೇ ತೀರಿಕೊಂಡರು. ಮಲ್ಲಿಕಾರ್ಜುನ ಮನ್ಸೂರರ ಹಿಂದಿನ ದನಿ ಎಷ್ಟೋ ಕಡೆ ಮಗ ರಾಜಶೇಖರ ಮನ್ಸೂರರದು (1942–2022). ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರ ಒಂಟಿ ಕಛೇರಿಗಳನ್ನು ಕೇಳದೆ ಜೈಪುರ–ಅತ್ರೌಲಿ ಘರಾಣೆಯ ಹಾಡುವ ಶೈಲಿ ಪೂರ್ತಿ ತಿಳಿಯುವುದಿಲ್ಲ ಎಂದೇ ನಾನು ಹೇಳುತ್ತೇನೆ.

ಆಮೇಲೆ ಸಾಥ್ ಕೊಟ್ಟವರು. ತಬಲಾದಲ್ಲಿ ಶೇಷಗಿರಿ ಹಾನಗಲ್, ಪೇಟಿಯಲ್ಲಿ (ಹಾರ್ಮೋನಿಯಂ) ಧಾರವಾಡದ ವಸಂತ ಕನಕಾಪುರ, ಬೆಳಗಾವಿಯ ರಾಂಭಾವು ಬಿಜಾಪುರೆ (1917–2010). ಗಾಯಕರು ಉಸಿರು ತಗೊಳ್ಳುವ ಜಾಗದಲ್ಲಿ ಪೇಟಿ ಏನು ಮಾಡುತ್ತದೆ, ಅಷ್ಟನ್ನೇ ಗಮನಿಸಿ. ಬಿಜಾಪುರೆಯವರು ಪೇಟಿಯನ್ನು ಸೋಲೋ ಆಗಿಯೂ ನುಡಿಸಿದವರು. ಸಿಕ್ಕರೆ ಬಿಡಬೇಡಿ.

ಗುರುವಿನ ಹೆಸರು ಹಿಡಿದು ಇಳಿಯುವುದು ಮೂರನೇ ದಾರಿ. ಗಂಗೂಬಾಯಿ, ಭೀಮಸೇನರ ಗುರು ಸವಾಯಿ ಗಂಧರ್ವರ ಶಿಷ್ಯರಲ್ಲಿ ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರ್ (1919–2008) ಇದ್ದಾರೆ. ಸಿನಿಮಾ ನಟರಾಗಿದ್ದವರು ಕಿರಾನಾ ಘರಾಣೆಯ ಹಾಡುವ ಶೈಲಿಗೆ ಒಲಿದರು. ಅದೇ ಕಿರಾನಾದಲ್ಲಿ ಧಾರವಾಡದ ಸಂಗಮೇಶ್ವರ ಗುರವ (1931–2014). ಗದಗಿನ ಪಂಚಾಕ್ಷರ ಗವಾಯಿಗಳ ಶಿಷ್ಯರೆಂದರೆ ಪುಟ್ಟರಾಜರು, ರಾಜಗುರು ಅಂತ ನಿಲ್ಲಬೇಡಿ. ಅರ್ಜುನಸಾ ನಾಕೋಡರನ್ನೂ ಅವರ ಮಗ, ತಬಲಾದ ರಘುನಾಥ ನಾಕೋಡರನ್ನೂ ಹುಡುಕಿ.

ತಂತಿವಾದ್ಯದಲ್ಲಿ ಧಾರವಾಡಕ್ಕೆ ತನ್ನದೇ ಸಿತಾರ್ ಮನೆತನವಿದೆ. ಬೀನ್‌ಕಾರ (ರುದ್ರವೀಣೆ ವಾದಕ) ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ಇಲ್ಲಿ ನೆಲೆನಿಂತು ಬೆಳೆಸಿದ್ದು. ಮೊಮ್ಮಗ ಬಾಲೇಖಾನರಿಂದ ಕೇಳಲು ಶುರು ಮಾಡಿ. ವೇಗದ ತಾನಿಗಿಂತ ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವುದರ) ಮೇಲೆ, ಹಾಡಿದಂತೆ ನುಡಿಸುವುದರ ಮೇಲೆ ಅವರ ಒಲವು. ಹುಬ್ಬಳ್ಳಿಯ ಬಿಂದುಮಾಧವ ಪಾಠಕರು ರುದ್ರವೀಣೆ, ವಿಚಿತ್ರವೀಣೆ ಎರಡನ್ನೂ ನುಡಿಸುತ್ತಿದ್ದರು. ರುದ್ರವೀಣೆಗೆ ಮನೆಗಳಿವೆ, ಅಂದರೆ ಸ್ವರ ಹಿಡಿಯುವ ಮೆಟ್ಟಿಲುಗಳು. ವಿಚಿತ್ರವೀಣೆಗೆ ಇಲ್ಲ, ತಂತಿಯ ಮೇಲೆ ಗಾಜಿನ ಗುಂಡು ಜಾರಿಸಬೇಕು. ಅದಕ್ಕೇ ಅದರ ಸ್ವರ ಎಲ್ಲೂ ಮುರಿಯದೆ ಹರಿಯುತ್ತದೆ. ಕೊಳಲಿಗೆ ಆಕಾಶವಾಣಿಯ ವೆಂಕಟೇಶ ಗೋಡಖಿಂಡಿ. ಮಗ ಪ್ರವೀಣರ ಹೆಸರು ಗೊತ್ತಿದ್ದವರೂ ತಂದೆಯನ್ನು ಕೇಳಿರುವುದಿಲ್ಲ.

ಹುಡುಕುವಾಗ ಕಲಾವಿದರ ಹೆಸರಿನ ಬದಲು ಅಪರೂಪದ ರಾಗದ ಹೆಸರು ಕೊಡಿ. ಯಮನ್ ಅಂದರೆ ದೊಡ್ಡವರೇ ಸಾಲಾಗಿ ಬರುತ್ತಾರೆ. ಖಟ್, ಸಾವನಿ, ಬಸಂತಿ ಕೇದಾರ, ಸಂಪೂರ್ಣ ಮಾಲಕಂಸ ಅಂದರೆ ಹಾಡಿದವರೇ ಕಡಿಮೆ, ಹಾಗಾಗಿ ಹೊಸ ಹೆಸರು ತಾನಾಗಿ ಮೇಲೆ ಬರುತ್ತದೆ. ಕಾಗುಣಿತವನ್ನೂ ಬದಲಿಸಿ ನೋಡಿ. ಇಂಗ್ಲಿಷಿನಲ್ಲಿ ಮನ್ಸೂರಕ್ಕೆ ಒಂದು ‘ಯು’ ಇರುವುದೂ ಉಂಟು, ಎರಡು ‘ಓ’ ಇರುವುದೂ ಉಂಟು. ಹಳೇ ಲೇಬಲ್ಲುಗಳಲ್ಲಿ ಧಾರವಾಡ ‘ಧಾರವಾರ್’ ಆಗಿರುತ್ತದೆ. ಗಂಗೂಬಾಯಿಯವರ ಮೊದಮೊದಲ ಪ್ಲೇಟುಗಳು ಗಾಂಧಾರಿ ಎಂಬ ಹೆಸರಿನಲ್ಲಿವೆ.

ಏಕತಾರಿ (ಶಿಗ್ಗಾಂವಿ)

ಬರೇ ಖಯಾಲ್ ಅಲ್ರೀ, ಕಂಪನಿ ನಾಟಕದ ಪದಾನೂ ಕೇಳ್ರಿ. ಏಣಗಿ ಬಾಳಪ್ಪನವರು (1914–2017) ಅಂದ್ರ ಎಲ್ಲಾರೂ ನಟ ಅಂತಾರ, ಅವರ ರಂಗಗೀತೆ ಕೇಳಿದವರು ಕಡಿಮಿ. ಗದಗಿನ ಗರುಡ ಸದಾಶಿವರಾಯರ ಕಂಪನಿ, ಪುಟ್ಟರಾಜ ಗವಾಯಿಗಳ ನಾಟ್ಯ ಸಂಘ, ಇವುಗಳೊಳಗ ಹಾಡಿದವರ ಹೆಸರು ಹಿಡದು ಹುಡುಕ್ರಿ. ಆ ಪದ ಬಾಳ ಏರು ಪಟ್ಟಿಯೊಳಗ (ಶ್ರುತಿಯೊಳಗ) ಇರ್ತಾವ. ಮೈಕ್ ಇಲ್ಲದ ಕಾಲ, ಕಟ್ಟಕಡೀ ಸಾಲಿಗೆ ದನಿ ಮುಟ್ಟಬೇಕಿತ್ತು. ಅದಕ್ಕ ಚೀರಿಧಂಗ ಕೇಳತೈತಿ ಅಂತ ನಡುವ ಬಂದ್ ಮಾಡಬ್ಯಾಡ್ರಿ, ಎರಡನೇ ನುಡಿ ತನಕ ಕಾಯ್ರಿ.

ತತ್ವಪದಕ್ಕ ಆನ್‌ಲೈನ್ ಹುಡುಕಿ ಉಪಯೋಗಿಲ್ಲ, ಊರಿಗೆ ಹೋಗಬೇಕು. ನಮ್ಮ ತಾಲೂಕಿನ ಶಿಶುವಿನಹಾಳ ಷರೀಫಜ್ಜನ (1819–1889) ಊರು. ಸುತ್ತಮುತ್ತ ಭಜನಿ ಮೇಳ ಅದಾವ. ಅಮಾಸಿ ರಾತ್ರಿ, ಶ್ರಾವಣದ ಸೋಮವಾರ ಗುಡಿ, ಮಠದಾಗ ಕುಂದರತಾರ. ಏಕತಾರಿ, ದಮ್ಮಡಿ, ತಾಳ, ಪೇಟಿ, ತಬಲಾ ಇಷ್ಟ ಸಾಮಾನು.

ಫೋನಿನ್ಯಾಗ ಹಿಡಿಯೋರು ತಪ್ಪು ಮಾಡೋದು ಒಂದ ಜಾಗಾದಾಗ: ತಾಳದವನ ಬಾಜೂಕ ಫೋನ್ ಇಡತಾರ. ತಾಳದ ಪೆಟ್ಟಿಗೆ ರೆಕಾರ್ಡಿಂಗ್ ಒಡದು, ಫೋನು ತಾನಾಗೇ ದನಿ ತಗ್ಗಿಸಿ, ಹಾಡವರ ದನಿ ಮುಳುಗತೈತಿ. ಮುಖ್ಯ ಹಾಡುಗಾರರಿಂದ ಆರೇಳು ಫೂಟ್ ದೂರ, ತಾಳಕ್ಕ ಎದುರು ಮಗ್ಗಲಿಗೆ, ಮಡಿಚಿದ ಟಾವೆಲ್ ಮ್ಯಾಲೆ ಇಡ್ರಿ. ಪೇಟಿ ಇಟ್ಟ ಹಲಗಿ ಮ್ಯಾಲೆ ಬ್ಯಾಡ, ಗುಂಯ್ ಅಂತೈತಿ. ಸ್ಪೀಕರ್ ಮುಂದ ಮೊದ್ಲ ಬ್ಯಾಡ. ಏರೋಪ್ಲೇನ್ ಮೋಡ್ ಹಾಕ್ರಿ, ಇಲ್ಲಾಂದ್ರ ನಡುವ ಫೋನ್ ಬಂದು ಪದ ತುಂಡಾಗತೈತಿ.

ಗೀಗಿ ಪದ, ಹರದೇಶಿ–ನಾಗೇಶಿ ಆದ್ರ ಪೂರ್ತಿ ರಾತ್ರಿ ಹಿಡೀರಿ. ಒಂದು ಮೇಳ ಸವಾಲ್ ಹಾಕಿದ್ದಕ್ಕ ಇನ್ನೊಂದು ಮೇಳ ತಾಸು ಬಿಟ್ಟು ಜವಾಬ್ ಕೊಡತೈತಿ. ಮೂರು ನಿಮಿಷದ ತುಣುಕು ಹಾಕಿದ್ರ ಸವಾಲ್ ಒಂದ ಕಡೆ, ಜವಾಬ್ ಇಲ್ಲ. ಹಿಡಿಯೋಕ್ಕಿಂತ ಮೊದ್ಲ ಮೇಳದವರನ್ನ ಕೇಳ್ರಿ, ಎಲ್ಲಾರ ಹೆಸರು, ಊರು ಬರಕೊಳ್ರಿ. ದಪ್ಪು ಬಾರಿಸಿದವರ ಹೆಸರು ಯಾರೂ ಬರಿಯೂದಿಲ್ಲ. ಅದು ಸರಿ ಅಲ್ಲ.

ಬೆಟಗೇರಿ ಡೆಕ್ (ಗದಗ)

ಕ್ಯಾಸೆಟ್ ವಿಷಯಕ್ಕೆ ಬರೋಣ. ಟೇಪಿನ ಅಂಚಿನಲ್ಲಿ ಬಿಳಿ ಬೂಸು ಕಂಡರೆ ಅದನ್ನು ಬೇರೆ ಇಡಿ, ಹಾಕಲೇಬೇಡಿ. ಬೂಸು ಟೇಪು ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಉಳಿದವನ್ನು ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪು ಪದರಕ್ಕೆ ಪದರ ಅಂಟಿರುತ್ತದೆ, ಬಿಗಿಯೂ ಒಂದೇ ಸಮ ಇರುವುದಿಲ್ಲ. ಒಳಗೆ ಹೆಡ್ಡಿಗೆ ಟೇಪನ್ನು ಒತ್ತುವ ಪುಟ್ಟ ಫೆಲ್ಟ್ ತುಂಡು ಬಿದ್ದಿದ್ದರೆ ದನಿ ಮಂಕಾಗುತ್ತದೆ. ಕೆಟ್ಟ ಕ್ಯಾಸೆಟ್ಟಿನಿಂದ ತೆಗೆದು ಅಂಟಿಸಬಹುದು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ರಬ್ಬರ್ ರೋಲರಿಗೆ ಅದು ಬೇಡ, ಒಣಗಿ ಬಿರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ, ಅಂದರೆ ಅಜಿಮತ್. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು, ನಿಮ್ಮ ಡೆಕ್ಕಿನ ಹೆಡ್ಡು ಒಂದೇ ಕೋನದಲ್ಲಿರುವುದಿಲ್ಲ. ಔಟ್‌ಪುಟ್ಟನ್ನು ಮೊನೊ ಮಾಡಿ, ತಂಬೂರಿ ಮಾತ್ರ ಇರುವ ಜಾಗ ಹಾಕಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ತಂಬೂರಿಯ ಝೇಂಕಾರ (ಜವಾರಿ) ಎಲ್ಲಿ ಹೆಚ್ಚು ಬಿಚ್ಚಿಕೊಳ್ಳುತ್ತದೋ ಅದೇ ಸರಿಯಾದ ಜಾಗ. ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು.

ಡೆಕ್ಕಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ ಕೊಡಿ, ಹೆಡ್‌ಫೋನ್ ರಂಧ್ರದಿಂದ ಬೇಡ. ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ 24 ಬಿಟ್, 48 ಕಿಲೊಹರ್ಟ್ಸ್ ಇಟ್ಟು, ಅತಿ ಜೋರಿನ ತಾನಿಗೂ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿ. ಸಿ-60ರ (60 ನಿಮಿಷದ ಕ್ಯಾಸೆಟ್ಟಿನ) ಒಂದು ಮಗ್ಗುಲು ಸ್ಟೀರಿಯೊದಲ್ಲಿ ಸುಮಾರು 520 ಎಂಬಿ ಆಗುತ್ತದೆ. ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಹಾಕಿ ರೆಕಾರ್ಡ್ ಮಾಡಿದ್ದರೆ ಮಾತ್ರ ಡಾಲ್ಬಿ ಒತ್ತಿ. ಸುಮ್ಮನೆ ಒತ್ತಿದರೆ ಮೇಲಿನ ಸ್ವರಗಳು ಮಸುಕಾಗುತ್ತವೆ.

ಮೂಲ ಫೈಲಿಗೆ ನಾಯ್ಸ್ ರಿಡಕ್ಷನ್ ಹಚ್ಚಲೇಬೇಡಿ. ಸಾಫ್ಟ್‌ವೇರಿಗೆ ಒಂದೇ ಸಮ ಇರುವ ಸದ್ದೆಲ್ಲ ಗಲಾಟೆಯೇ, ಟೇಪಿನ ಸುಯ್ ಸದ್ದಿನ ಜೊತೆ ತಂಬೂರಿಯನ್ನೂ ತಿಂದುಹಾಕುತ್ತದೆ.

ವೇಗ ಪರೀಕ್ಷಿಸಲು ರೆಕಾರ್ಡಿಂಗಿನ ಹಿಂದೆ ಕರೆಂಟಿನ ಗುಂಯ್ ಇದ್ದರೆ ಅದರ ಕಂಪನ ನೋಡಿ. 50 ಹರ್ಟ್ಸ್ ಇರಬೇಕಾದ್ದು 52 ತೋರಿಸಿದರೆ ಟೇಪು ಶೇ. 4ರಷ್ಟು ಜೋರಾಗಿ ಓಡುತ್ತಿದೆ. ಆಗಿನ ಕರೆಂಟೇ ಅಲುಗಾಡುತ್ತಿತ್ತು, ಆದ್ದರಿಂದ ಅದನ್ನೇ ನಂಬಿ ಕೂರದೆ ಗಾಯಕರ ಪಟ್ಟಿ (ಶ್ರುತಿ) ಗೊತ್ತಿದ್ದವರ ಕಿವಿಗೂ ಹಾಕಿ.

78ರ ಪ್ಲೇಟಿಗೆ ಆಲ್ಕೋಹಾಲ್ ತಾಗಿಸಬೇಡಿ. ಅದು ಅರಗಿನದು, ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಬ್ರಷ್, ಲೇಬಲ್ ನೆನೆಯಬಾರದು. ಸೂಜಿ 3 ಮಿಲ್‌ನದು ಬೇಕು (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು). ಎಲ್‌ಪಿ ಸೂಜಿ ಸುಮಾರು 1 ಮಿಲ್, ಅದು ಗೆರೆಯ ತಳಕ್ಕೆ ಇಳಿದು ಅಲ್ಲಿನ ಧೂಳನ್ನೇ ಓದುತ್ತದೆ. 78 ಎಂದು ಬರೆದಿದ್ದರೂ ಕೆಲವು 80ರಲ್ಲಿ ಕೆತ್ತಿದವು. ಅಷ್ಟಕ್ಕೇ ಶ್ರುತಿ ಅರ್ಧ ಸ್ವರದ ಹತ್ತಿರ ಹತ್ತಿರ ಅರ್ಧದಷ್ಟು ತಪ್ಪುತ್ತದೆ.

ವಿದ್ಯಾನಗರದ ಕೇಳುಗ (ಹುಬ್ಬಳ್ಳಿ)

ಎಲ್ಲರಿಗೂ ಧನ್ಯವಾದ. ಬೈಠಕ್ಕಿನ ರೆಕಾರ್ಡಿಂಗನ್ನು ಯೂಟ್ಯೂಬಿಗೆ ಹಾಕಬಹುದೆ? ವಾಟ್ಸಾಪಿನಲ್ಲಿ ಕಳಿಸಿದರೆ ಸಾಕೆ?

ಜವಾರಿ (ಧಾರವಾಡ)

ವಾಟ್ಸಾಪಿನಲ್ಲಿ ಆಡಿಯೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದದ್ದು ಇದ್ದಂತೆ ಹೋಗುತ್ತದೆ. ವೇವ್ ಫೈಲನ್ನು ಫ್ಲ್ಯಾಕ್ ಮಾಡಿದರೆ ಗುಣ ಕೆಡದೆ ಗಾತ್ರ ಇಳಿಯುತ್ತದೆ.

ಹಕ್ಕಿನ ಮಾತು: ಪ್ರಕಟವಾದ ರೆಕಾರ್ಡಿಗೆ ಮರುವರ್ಷದಿಂದ 60 ವರ್ಷ ಕಾಪಿರೈಟ್ ಇದೆ. ಖಾಸಗಿ ಬೈಠಕ್ಕಿನಲ್ಲಿ ಹಾಡಿದವರಿಗೂ 50 ವರ್ಷ ಹಕ್ಕಿರುತ್ತದೆ. ಕ್ಯಾಸೆಟ್ ಕೊಟ್ಟವರು ಒಪ್ಪಿದರೆ ಸಾಲದು, ಕಲಾವಿದರ ಮನೆಯವರನ್ನೂ ಕೇಳಬೇಕು, ಬರಹದಲ್ಲಿ.

ಫೈಲಿನ ಹೆಸರಿನಲ್ಲೇ ಕಲಾವಿದರು, ರಾಗ, ತಾಳ, ತಬಲಾ, ಪೇಟಿ, ಊರು, ವರ್ಷ ಇರಲಿ. ರಾಗ ಖಚಿತವಿಲ್ಲದಿದ್ದರೆ ಊಹಿಸಿ ಬರೆಯದೆ ಚೀಜಿನ (ಹಾಡಿನ ಸಾಹಿತ್ಯದ) ಮೊದಲ ಸಾಲು ಬರೆಯಿರಿ. ತಪ್ಪು ಹೆಸರು ಒಮ್ಮೆ ಯೂಟ್ಯೂಬಿಗೆ ಹೋದರೆ ನಕಲು ಮೇಲೆ ನಕಲಾಗಿ ಅಳಿಸಲು ಬರುವುದಿಲ್ಲ. ಕ್ಯಾಸೆಟ್ಟಿನ ಚೀಟಿಯ ಎರಡೂ ಬದಿಯ ಫೋಟೊ ತೆಗೆದು ಜೊತೆಗಿಡಿ.

ಈಗ ಹಾಡುತ್ತಿರುವವರಿಗೆ ಕುಂದಗೋಳದ ನಾಡಗೀರ ವಾಡೆಯಲ್ಲಿ ನಡೆಯುವ ಸವಾಯಿ ಗಂಧರ್ವರ ಪುಣ್ಯಸ್ಮರಣೆ, ಗದಗಿನ ವೀರೇಶ್ವರ ಪುಣ್ಯಾಶ್ರಮದ ಸ್ಮರಣೋತ್ಸವಗಳಿಗೆ ಹೋಗಿ. ಕರಪತ್ರದ ಕೊನೆಯ ಹೆಸರಿಗಾಗಿ ಕಾಯದೆ ಮೊದಲ ಹೆಸರು ಹಾಡುವಾಗಲೇ ಕುಳಿತಿರಿ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯನ್ನು 765 ಕಿಲೊಹರ್ಟ್ಸ್‌ನಲ್ಲಿ ಹಿಡಿಯಿರಿ. ಆಕಾಶವಾಣಿಯ ಬಿ-ಹೈ, ಎ ಗ್ರೇಡಿನ ಕಲಾವಿದರ ಹೆಸರನ್ನು ಹಾಡಿನ ಮೊದಲೋ ಕೊನೆಯಲ್ಲೋ ಒಮ್ಮೆ ಹೇಳುತ್ತಾರೆ, ಪೆನ್ನು ಕೈಯಲ್ಲಿರಲಿ.

ಬೆಟಗೇರಿ ಡೆಕ್ (ಗದಗ)

ಒಂದು ಬಿಟ್ಟಿದ್ದೆ. ಇಳಿಸಿದ ಮೇಲೆ ಕ್ಯಾಸೆಟ್ಟನ್ನು ಎಸೆಯಬೇಡಿ. ಮೇಲಿನ ಅಂಚಿನ ಎರಡೂ ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಯಾರೂ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗುವುದಿಲ್ಲ. ನೆಟ್ಟಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ ಇಡಿ. ಅದರ ಅಯಸ್ಕಾಂತ ಟೇಪನ್ನು ಅಳಿಸುತ್ತದೆ.