ಪದ ಬೇಕಿದೆ: ಡಬ್ಬಿಯಲ್ಲಿ ಮಾಡಿದ ಸ್ಪಿರಿಟ್ ಸ್ಟೌವ್‌ಗೆ ಬೋರ್ಡಿನ ಮೇಲೆ ಏನಂತ ಬರೆಸಲಿ?

ಮೂಡಿಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ಪೇಂಟರ್ ಬರುತ್ತಾನೆ. ಅಷ್ಟರೊಳಗೆ ಒಂದು ಪದ ಬೇಕು.

ನಮ್ಮ ಕಾಫಿ ತೋಟದ ಅಂಚಿನಲ್ಲಿ ಐದಾರು ಟೆಂಟ್ ಹಾಕುವಷ್ಟು ಜಾಗ ಇದೆ. ಎತ್ತಿನಭುಜ ಬೆಟ್ಟ ಹತ್ತಿ ಬಂದವರು ರಾತ್ರಿ ಉಳಿದುಕೊಳ್ಳುತ್ತಾರೆ. ಈಚೆಗೆ ಬರುವ ಹುಡುಗರು ಅಂಗೈಯಷ್ಟು ಸ್ಟೌವ್ ತರುತ್ತಾರೆ. ತಾವೇ ಮಾಡಿದ್ದು. ಎರಡು ಸೋಡಾ ಕ್ಯಾನ್‌ಗಳ ತಳ ಕತ್ತರಿಸಿ ಒಂದರೊಳಗೊಂದು ತೂರಿಸಿರುತ್ತಾರೆ. ಅಂಚಿನ ಸುತ್ತ ಸೂಜಿಯಲ್ಲಿ ಚುಚ್ಚಿದ ತೂತುಗಳು. ನಡುವಿನ ಗುಳಿಗೆ ಸುಮಾರು 30 ಮಿ.ಲೀ. ಸ್ಪಿರಿಟ್ ಹಾಕಿ ಕಡ್ಡಿ ಗೀರುತ್ತಾರೆ. ಮೊದಲು ನಡುವೆ ಮಾತ್ರ ಉರಿಯುತ್ತದೆ. ಸ್ವಲ್ಪ ಹೊತ್ತಿಗೆ ಒಳಗಿನ ಸ್ಪಿರಿಟ್ ಕುದಿಯುತ್ತದೆ. ಆಮೇಲೆ ಸುತ್ತಲಿನ ತೂತುಗಳಿಂದ ನೀಲಿ ಉರಿ ಎದ್ದು ನಿಲ್ಲುತ್ತದೆ, ಥೇಟ್ ಗ್ಯಾಸ್ ಒಲೆಯ ಹಾಗೆ. ಅರ್ಧ ಲೀಟರ್ ನೀರು ಏಳೆಂಟು ನಿಮಿಷದಲ್ಲಿ ಕುದಿಯುತ್ತದೆ. ಸದ್ದಿಲ್ಲ, ಹೊಗೆ ಇಲ್ಲ. ನನಗೂ ಇಷ್ಟವಾಯಿತು.

ಕಷ್ಟ ಏನೆಂದರೆ, ಆ ಉರಿ ಹಗಲಲ್ಲಿ ಕಾಣುವುದಿಲ್ಲ. ಹೋದ ತಿಂಗಳು ಒಬ್ಬ ಹುಡುಗ ಒಲೆ ಆರಿದೆ ಅಂದುಕೊಂಡು ಬಾಟಲಿಯಿಂದಲೇ ಮತ್ತೆ ಸ್ಪಿರಿಟ್ ಸುರಿದ. ಬೆಂಕಿ ಧಾರೆ ಹಿಡಿದು ಬಾಟಲಿಗೇ ಬಂತು. ಕೈ ಜಾಡಿಸಿದ. ಬಾಟಲಿ ಹುಲ್ಲಿನಲ್ಲಿ ಬಿದ್ದು ಉರುಳಿತು. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಓಡಿ ಬಂದು ಎರಡು ಬಕೆಟ್ ನೀರು ಸುರಿದರು. ಹುಡುಗನ ಮುಂಗೈ ಕೂದಲು ಸುಟ್ಟಿತು, ಪುಣ್ಯಕ್ಕೆ ಅಷ್ಟೇ. ಒಂದು ಚಾಪೆಯಗಲ ನೆಲ ಇನ್ನೂ ಕಪ್ಪಗಿದೆ.

ಅದಕ್ಕೇ ಬೋರ್ಡ್. ನಾನು ಬರೆದುಕೊಂಡಿದ್ದು ಹೀಗೆ: 'ಆಲ್ಕೋಹಾಲ್ ಸ್ಟೌವ್‌ಗಳನ್ನು ಕಲ್ಲು ಚಪ್ಪಡಿಯ ಮೇಲೆ ಮಾತ್ರ ಹಚ್ಚಿ. ಒಲೆ ಆರಿದ ಮೇಲೆ ಸ್ಪಿರಿಟ್ ಹಾಕಿ.' ಆಲ್ಕೋಹಾಲ್ ಅನ್ನುವುದು ನನಗೇ ಹಿಡಿಸುತ್ತಿಲ್ಲ. ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗೂ, ಬೆಂಗಳೂರಿನ ಹುಡುಗರಿಗೂ ಒಂದೇ ಸಲಕ್ಕೆ ಅರ್ಥವಾಗುವ ಪದ ಹೇಳಿ.

ಅರಸೀಕೆರೆಯಿಂದ:

ಇದಕ್ಕೆ ಚರ್ಚೆಯೇ ಬೇಡ. ಮದ್ಯಸಾರ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟಿದ್ದೇನೆ, ಎಲ್ಲರಿಗೂ ತಿಳಿಯುತ್ತದೆ. ಆದರೆ 'ಮದ್ಯಸಾರ ಒಲೆ' ಅಂತ ಬರೆಸಬೇಡಿ. ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದರೆ ಅರಿಸಮಾಸ. 13ನೇ ಶತಮಾನದಲ್ಲೇ ವ್ಯಾಕರಣ ಬರೆದ ಕೇಶಿರಾಜ ಎಚ್ಚರಿಸಿದ್ದಾನೆ. 'ಮದ್ಯಸಾರದ ಒಲೆ' ಎಂದು ಬಿಡಿಸಿ ಬರೆಸಿ, ದೋಷ ಹೋಗುತ್ತದೆ.

ಹಾಸನದಿಂದ:

ಮೇಷ್ಟ್ರೇ, ಸಮಾಸ ಆಮೇಲೆ ನೋಡೋಣ. ಮದ್ಯಸಾರ ಯಾರ ಮನೆಯ ಮಾತು? ಅದು ಪುಸ್ತಕದ ಪದ, ಪುಸ್ತಕದಲ್ಲೇ ಇರಲಿ. ಸ್ಪಿರಿಟ್ ಅಂತೂ ಬೇಡವೇ ಬೇಡ. ನಮ್ಮ ಹಿರಿಯರು ಕೆರೋಸಿನ್ ಬಂದಾಗ ಅದನ್ನು ಹಾಗೇ ನುಂಗಲಿಲ್ಲ. ಸೀಮೆಎಣ್ಣೆ ಅಂದರು. ಹೊರಗಿನಿಂದ ಬಂದದ್ದಕ್ಕೆ ಸೀಮೆ ಸೇರಿಸಿ ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಅಂತ ತಮ್ಮದು ಮಾಡಿಕೊಂಡರು. ಆ ಶಕ್ತಿ ನಮಗೆ ಯಾಕಿಲ್ಲ? ನನ್ನ ಸಲಹೆ: ಉರಿನೀರು. ಅದರ ಒಲೆ ಉರಿನೀರೊಲೆ. ನೀರಿನ ಹಾಗೆ ಕಾಣುತ್ತದೆ, ಉರಿಯುತ್ತದೆ. ಎರಡೂ ಕನ್ನಡದ್ದೇ ಪದ.

ಸಕಲೇಶಪುರದಿಂದ:

'ಬುಡ್ಡಿ ಒಲೆ' ಅನ್ನಬಹುದಲ್ವಾ? ಕರೆಂಟ್ ಇಲ್ಲದ ಕಾಲದಲ್ಲಿ ನಮ್ಮಜ್ಜಿ ಶಾಯಿ ಬಾಟಲಿಯ ಮುಚ್ಚಳಕ್ಕೆ ಮೊಳೆ ಹೊಡೆದು, ಹಳೇ ಪಂಚೆಯ ಬತ್ತಿ ತೂರಿಸಿ, ಚಿಮಣಿ ಬುಡ್ಡಿ ಮಾಡುತ್ತಿದ್ದರು. ಮಳೆಗಾಲದಲ್ಲಿ ಓದಿದ್ದೆಲ್ಲ ಅದರ ಬೆಳಕಿನಲ್ಲೇ. ಮನೆಯಲ್ಲಿ ಕೈಯಿಂದ ಮಾಡಿದ ಸಣ್ಣ ಬೆಂಕಿ ಅಂದರೆ ಮಲೆನಾಡಿನವರಿಗೆ ನೆನಪಾಗುವುದು ಬುಡ್ಡಿಯೇ.

ಬೇಲೂರಿನಿಂದ:

ಆಲ್ಕೋಹಾಲ್ ಪದವನ್ನು ಇಷ್ಟು ಬೇಗ ತಳ್ಳಿಬಿಡಬೇಡಿ. ಅದರ ಮೂಲ ಅರಬ್ಬಿಯ 'ಅಲ್-ಕುಹ್ಲ್', ಅಂದರೆ ಕಣ್ಣಿಗೆ ಹಚ್ಚುವ ನುಣ್ಣನೆಯ ಪುಡಿ. ನಮ್ಮ ಕಾಡಿಗೆಯ ಬಳಗದ್ದು. ಯುರೋಪಿಗೆ ಹೋದ ಮೇಲೆ ನುಣ್ಣಗೆ ಅರೆದ ಯಾವುದೇ ಪುಡಿಗೂ ಆ ಹೆಸರಾಯಿತು. ಆಮೇಲೆ ಬಟ್ಟಿ ಇಳಿಸಿ ತೆಗೆದ ಸಾರಕ್ಕೆ. ಕೊನೆಗೆ ದ್ರಾಕ್ಷಾರಸದ ಸಾರಕ್ಕೆ ನಿಂತಿತು. ಕಾಡಿಗೆಯ ಹೆಸರು ಹೊತ್ತ ಇಂಧನ ಪಾತ್ರೆಗೆ ಮಸಿಯನ್ನೇ ಹಿಡಿಸುವುದಿಲ್ಲ. ಸೌದೆ ಒಲೆಯ ಪಾತ್ರೆ ತಿಕ್ಕಿದವರಿಗೆ ಇದು ಎಷ್ಟು ದೊಡ್ಡ ಸುಖ ಅಂತ ಗೊತ್ತು. ಅದಕ್ಕೇ ನನ್ನ ಮತ 'ಕಾಡಿಗೆಸಾರದ ಒಲೆ'ಗೆ.

ಚಿಕ್ಕಮಗಳೂರಿನಿಂದ:

ಕಾಡಿಗೆಸಾರ ಬೇಡಿ ಸರ್. ಅಂಗಡಿಯವನು ಕಾಡಿಗೆ ಡಬ್ಬಿ ಕೊಟ್ಟು ಕಳಿಸುತ್ತಾನೆ.

ನಾನು ಹದಿನೈದು ವರ್ಷದಿಂದ ಬೆಟ್ಟ ಹತ್ತುತ್ತಿದ್ದೇನೆ. ಈ ಒಲೆ ನಾಲ್ಕಾರು ಮಾಡಿದ್ದೇನೆ. ಹೆಸರು ಇಡುವ ಮೊದಲು ಒಂದು ವಿಷಯ ನೋಡಿ. ಕನ್ನಡದಲ್ಲಿ ಒಲೆಗೆ ಹೆಸರು ಬರುವುದು ಅದು ಏನು ತಿನ್ನುತ್ತದೆ ಅನ್ನುವುದರಿಂದ. ಸೌದೆ ಒಲೆ, ಇದ್ದಿಲೊಲೆ, ಹೊಟ್ಟಿನ ಒಲೆ, ಗ್ಯಾಸ್ ಒಲೆ, ಕರೆಂಟ್ ಒಲೆ. ಬುಡ್ಡಿ ಅನ್ನುವುದು ಆಕಾರದ ಹೆಸರು. ಚೆಂದ ಇದೆ ಅಕ್ಕ, ಆದರೆ ಬುಡ್ಡಿ ಅಂದ ತಕ್ಷಣ ನಮ್ಮ ಜನ ಸೀಮೆಎಣ್ಣೆ ಹಾಕುತ್ತಾರೆ. ಇದಕ್ಕೆ ಬತ್ತಿ ಇಲ್ಲ, ಸೀಮೆಎಣ್ಣೆ ಹಾಕಿದರೆ ಕೆಲಸವೇ ಮಾಡುವುದಿಲ್ಲ. ಸುಮ್ನೆ ಹೊಗೆ, ಮಸಿ, ಅಪಾಯ.

ಮದ್ಯ ಅನ್ನುವ ಮಾತು ಬೋರ್ಡಿನ ಮೇಲೆ ಇರಲೇಬಾರದು. ಪೇಂಟ್ ಅಂಗಡಿಯ ಸ್ಪಿರಿಟ್‌ಗೆ ಯಾರೂ ಕುಡಿಯದಿರಲಿ ಅಂತ ವಿಷ ಬೆರೆಸಿರುತ್ತಾರೆ. ಮೆಥನಾಲ್ ಇದ್ದರಂತೂ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಅದರ ಮೇಲೆ 'ಮದ್ಯ'ದ 'ಸಾರ' ಅಂತ ಬರೆದರೆ? ಯಾರಾದರೂ 'ಸಾರಾಯಿ ಒಲೆ' ಅನ್ನುವ ಮೊದಲೇ ಅದನ್ನೂ ಹೇಳಿಬಿಡುತ್ತೇನೆ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿದೆ. ತೋಟದೊಳಗೆ ಆ ಬೋರ್ಡ್ ಕಂಡರೆ ಕಳ್ಳಭಟ್ಟಿ ಅಂತಲೇ ಓದುತ್ತಾರೆ. 'ಎಣ್ಣೆ'ಯೂ ಬೇಡ. 'ಇಲ್ಲಿ ಎಣ್ಣೆ ಹಾಕಬೇಡಿ' ಅಂದರೆ ಹುಡುಗರು ಕುಡಿಯಬೇಡಿ ಅಂತ ತಿಳಿಯುತ್ತಾರೆ.

ಉಳಿದದ್ದು ಸ್ಪಿರಿಟ್. ಇದು ನಿನ್ನೆ ಮೊನ್ನೆ ಬಂದ ಪದ ಅಲ್ಲ. ಪಂಪ್ ಸ್ಟೌವ್ ಇದ್ದ ಮನೆಯವರು ನೆನಪು ಮಾಡಿಕೊಳ್ಳಿ. ಬರ್ನರ್ ಕೆಳಗೆ ಒಂದು ಹಿತ್ತಾಳೆ ಬಟ್ಟಲು. ಅದಕ್ಕೆ ಸ್ಪಿರಿಟ್ ಹಾಕಿ, ಹಚ್ಚಿ, ಬರ್ನರ್ ಕಾದ ಮೇಲೆ ಪಂಪ್ ಹೊಡೆಯಬೇಕು. ಮದುವೆ ಮನೆಯ ಪೆಟ್ರೋಮ್ಯಾಕ್ಸ್‌ಗೂ ಹಾಗೇ. ಈ ಹುಡುಗರ ಒಲೆ ಅಂದರೆ ಆ ಬಟ್ಟಲೊಂದೇ ಬೇರೆಯಾಗಿ ಬಂದ ಹಾಗೆ. ಸ್ವೀಡನ್ನಿನ ಟ್ರಾಂಜಿಯಾ ಅನ್ನುವ ಸ್ಟೌವ್ ಕಂಪನಿಯವರು ಹಿತ್ತಾಳೆಯಲ್ಲಿ ಮಾಡುವುದೂ ಇದನ್ನೇ. ಬಡಗಿ ಅರಗು ಕರಗಿಸಲು ಕೇಳುವುದು ಸ್ಪಿರಿಟ್, ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಒರೆಸುವುದು ಸ್ಪಿರಿಟ್. ಬೋರ್ಡಿಗೆ 'ಸ್ಪಿರಿಟ್ ಒಲೆ'. ಮುಗೀತು.

ಇನ್ನೊಂದು ಮಾತು, ಪದದ್ದಲ್ಲ. ಜನವರಿ ಕಳೆದ ಮೇಲೆ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. ಅರಣ್ಯದೊಳಗೆ ಯಾವ ಒಲೆಯೂ ಬೇಡ, ನಿಮ್ಮ ಚಪ್ಪಡಿಯ ಮೇಲೆ ಮಾತ್ರ ಅಂತ ಬಾಯಲ್ಲೂ ಹೇಳಿ.

ಹಾಸನದಿಂದ:

ಮುಗಿಯಲಿಲ್ಲ. ಹೀಗೇ ಒಂದೊಂದೇ ಬಿಟ್ಟುಕೊಡುತ್ತಾ ಬಂದರೆ ನಾಳೆ ನೀರಿಗೂ ವಾಟರ್ ಅನ್ನುತ್ತೀರಿ. ಈಗಲೇ ಮಕ್ಕಳು ಅನ್ನಕ್ಕೆ ರೈಸ್ ಅನ್ನುತ್ತಿದ್ದಾರೆ. ನನಗೆ ಹೊಟ್ಟೆ ಉರಿಯುತ್ತದೆ. ಉರಿನೀರು ಮೊದಲು ಹೊಸದು ಅನ್ನಿಸಬಹುದು, ಸೀಮೆಎಣ್ಣೆಯೂ ಒಂದು ದಿನ ಹೊಸದೇ ಆಗಿತ್ತು. ಯಾರೋ ಒಬ್ಬರು ಮೊದಲು ಹೇಳಬೇಕು ಅಲ್ವಾ?

ಚಿಕ್ಕಮಗಳೂರಿನಿಂದ:

ಅನ್ನಕ್ಕೆ ರೈಸ್ ಅನ್ನುವುದು ನನಗೂ ಸಂಕಟವೇ. ಅಲ್ಲಿ ನಮ್ಮ ಪದ ಇತ್ತು, ಬಿಟ್ಟೆವು. ಇಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ. ಬಾಬಾಬುಡನ್‌ಗಿರಿಯ ಕೆಳಗೆ ಕೂತು ಕಾಫಿ ಅನ್ನುವ ಅರಬ್ಬಿ ಪದವನ್ನು ಯಾರಾದರೂ ಹೊರಗಿನದು ಅನ್ನುತ್ತಾರಾ? ಕಾಫಿ ತೋಟ, ಕಾಫಿ ಕಣ, ಕಾಫಿ ಹೂವಿನ ಮಳೆ. ಮೊದಲ ಪದ ಹೊರಗಿನದು, ಹಿಂದೆ ಬರುವುದು ನಮ್ಮದು. ಸೀಮೆಎಣ್ಣೆಯ 'ಸೀಮೆ'ಯೂ ಸಂಸ್ಕೃತದಿಂದ ಬಂದದ್ದೇ. ಸ್ಪಿರಿಟ್ ಒಲೆಯಲ್ಲಿ 'ಒಲೆ' ಇದೆ ನೋಡಿ. ತಮಿಳಿನ ಉಲೈ, ಮಲಯಾಳದ ಉಲ ಎಲ್ಲ ಅದೇ ಬೇರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಹೊಗೆ ಕಮ್ಮಿ ಮಾಡುವ ಒಲೆ ತಂದಾಗ ಅದಕ್ಕೂ ಅವರ 'ಅಸ್ತ್ರ' ಅನ್ನುವ ಗ್ರಾಮೀಣ ತಂತ್ರಜ್ಞಾನ ವಿಭಾಗದ ಹೆಸರಿನಲ್ಲಿ 'ಅಸ್ತ್ರ ಒಲೆ' ಅಂತಲೇ ಹೆಸರಾಯಿತು. ಸ್ಟೌವ್ ಅನ್ನುವುದನ್ನು ಬಿಡಿಸಿ ಒಲೆ ಉಳಿಸಿಕೊಂಡರೆ ಅದು ಗೆಲುವೇ.

ಅರಸೀಕೆರೆಯಿಂದ:

ಮದ್ಯಸಾರ ಹಿಂದಕ್ಕೆ ತಗೊಂಡೆ. ವಿಷದ ಮಾತು ಸರಿ, ನನಗೆ ಹೊಳೆದಿರಲಿಲ್ಲ.

ಆದರೆ ನೀವೆಲ್ಲ ನಾಮಪದಕ್ಕೆ ಜಗಳ ಮಾಡುತ್ತಿದ್ದೀರಿ. ಕೈ ಸುಡುವುದು ಕ್ರಿಯಾಪದದಲ್ಲಿ. ಅವರು ಬರೆದದ್ದನ್ನು ಮತ್ತೆ ಓದಿ: 'ಒಲೆ ಆರಿದ ಮೇಲೆ ಸ್ಪಿರಿಟ್ ಹಾಕಿ.' ಆ ಹುಡುಗ ಮಾಡಿದ್ದೂ ಅದನ್ನೇ ಅಲ್ವೇ? ಒಲೆ ಆರಿದೆ ಅಂದುಕೊಂಡ, ಹಾಕಿದ. ನಿಮ್ಮ ಬೋರ್ಡ್ ಅವನಿಗೆ ಏನೂ ಹೊಸದು ಹೇಳುವುದಿಲ್ಲ.

ಕನ್ನಡದ 'ಆರು' ಬಹಳ ಕೆಲಸ ಮಾಡುತ್ತದೆ. ದೀಪ ಆರುತ್ತದೆ, ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ಲೋಟದಲ್ಲಿಟ್ಟ ಕಾಫಿ ಆರಿ ಹೋಗುತ್ತದೆ. ಒಂದರಲ್ಲಿ ಬೆಂಕಿ ಹೋಗುವುದು, ಒಂದರಲ್ಲಿ ನೀರು ಹೋಗುವುದು, ಒಂದರಲ್ಲಿ ಬಿಸಿ ಹೋಗುವುದು. ನಿಮಗೆ ಬೇಕಾದದ್ದು ಉರಿಯೂ ಹೋಗಬೇಕು, ಬಿಸಿಯೂ ಹೋಗಬೇಕು. ಓದುವವನು ಒಂದನ್ನೇ ಹಿಡಿಯುತ್ತಾನೆ. ಆದ್ದರಿಂದ ಬಿಡಿಸಿ ಹೇಳಿ. ಉರಿಗೆ 'ನಂದು'. ಬಟ್ಟೆ ನಂದುವುದಿಲ್ಲ, ಕಾಫಿ ನಂದುವುದಿಲ್ಲ, ನಂದುವುದು ಬೆಂಕಿ. ಬಿಸಿಗೆ 'ತಣ್ಣಗಾಗು'. 'ನಂದಿಸಿ. ತಣ್ಣಗಾಗುವ ತನಕ ಹಾಕಬೇಡಿ.'

ಮೂಡಿಗೆರೆಯಿಂದ:

ಮೇಷ್ಟ್ರೇ, ಇದು ನನಗೆ ತೋಚಿಯೇ ಇರಲಿಲ್ಲ. ರೈಟರ್‌ಗೆ ಓದಿ ಹೇಳಿದೆ. 'ಹೌದಲ್ಲ, ಅವನು ಆರಿದೆ ಅಂತಲೇ ಕೂಗಿದ್ದು' ಅಂದರು. ಒಂದು ಮಾತು ಉಳಿದಿದೆ. ನಂದಿಸುವುದು ಹೇಗೆ ಅಂತ ಒಂದೇ ಪದದಲ್ಲಿ ಹೇಳಬೇಕು. ಊದಿದರೆ ಸ್ಪಿರಿಟ್ ಚೆಲ್ಲುತ್ತದೆ. ಸ್ಟೀಲ್ ಲೋಟವನ್ನು ತಲೆಕೆಳಗಾಗಿ ಮುಚ್ಚಬೇಕು.

ಸಕಲೇಶಪುರದಿಂದ:

ಕವುಚಿ ಅನ್ನಿ. ನಾವು ಕೋಳಿಮರಿಗೆ ಬುಟ್ಟಿ ಕವುಚುವುದು ಹಾಗೇ ಅಲ್ವಾ.

ಹಾಸನದಿಂದ:

ನಮ್ಮ ಕಡೆ ದಬಾಕು. ಕವುಚಿಯೂ ಆಗಬಹುದು, ಎಲ್ಲರಿಗೂ ತಿಳಿಯುತ್ತದೆ. ಸ್ಪಿರಿಟ್ ಬಗ್ಗೆ ನನ್ನ ವಿರೋಧ ಹಾಗೇ ಇದೆ.

ಮೂಡಿಗೆರೆಯಿಂದ:

ನಿಮ್ಮ ವಿರೋಧ ತಿಳಿಯಿತು ಸರ್, ಬೇಸರ ಬೇಡಿ. ಪೇಂಟರ್‌ಗೆ ಕೊಡುತ್ತಿರುವುದು ಇದು. ಕಾಗುಣಿತ ತಪ್ಪಿದ್ದರೆ ನಾಳೆ ಬೆಳಿಗ್ಗೆ ಎಂಟರೊಳಗೆ ಹೇಳಿ.

ಸ್ಪಿರಿಟ್ ಒಲೆ ಕಲ್ಲಿನ ಮೇಲೆ ಮಾತ್ರ.
ಹಗಲಲ್ಲಿ ಇದರ ಉರಿ ಕಾಣುವುದಿಲ್ಲ.
ಲೋಟ ಕವುಚಿ ನಂದಿಸಿ. ತಣ್ಣಗಾಗುವ ತನಕ ಸ್ಪಿರಿಟ್ ಹಾಕಬೇಡಿ.
ಬೆಂಕಿ ಹತ್ತಿದರೆ ನೀರಿನ ಡ್ರಮ್ ಎಡಗಡೆ ಇದೆ.